ನೆಲನೆಲ್ಲಿ ತಿಂದ ಬಾತುಗಳು

ಬಾತುಗಳಿಗೆ ಕೊಡುವ ಸೊಪ್ಪನ್ನು ಕೀಳುವಾಗ ಮಾತಾಡಬಾರದು ಎಂಬುದು ನಮ್ಮ ಅಜ್ಜಿಯ ಕಟ್ಟಳೆ. ಮನುಷ್ಯರ ಔಷಧಿಗೆ ಇದ್ದ ಕಟ್ಟಳೆಯನ್ನೇ ಅವಳು ಬಾತುಗಳಿಗೂ ವಿಸ್ತರಿಸಿದ್ದಳು. ಹೊತ್ತು ಮೂಡುವ ಮುಂಚೆ ಎದ್ದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಕಂಕುಳಲ್ಲಿ ಬಿದಿರಿನ ಕುಕ್ಕೆ ಇಟ್ಟುಕೊಂಡು ಹೊರಟರೆ ವಾಪಸ್ಸು ಹೊಸಲು ದಾಟುವವರೆಗೆ ತುಟಿ ಬಿಚ್ಚುವಂತಿಲ್ಲ. ಎದುರಿಗೆ ಯಾರಾದರೂ ಬಂದು ಎಲ್ಲಿಗೆ ಎಂದು ಕೇಳಿದರೂ ತಲೆಯಾಡಿಸಿ ಮುಂದೆ ಹೋಗುವುದೇ. ಹೇರೋಹಳ್ಳಿ ಕೆರೆಯ ಏರಿಯ ಕೆಳಗೆ ರಾಗಿ ಹೊಲಗಳ ಬದುವಿನಲ್ಲಿ ನೆಲನೆಲ್ಲಿ, ಗರಗದ ಸೊಪ್ಪು, ತೇವ ಇದ್ದ ಕಡೆ ಹೊನಗೊನೆ ಬೆಳೆಯುತ್ತಿದ್ದವು. ಅಜ್ಜಿ ಬಗ್ಗಿ ಗಿಡವನ್ನು ತೋರಿಸುವಳು, ನಾನು ಬೇರು ಸಮೇತ ಎಳೆದು ಮಣ್ಣು ಕೊಡವಿ ಕುಕ್ಕೆಗೆ ಹಾಕುತ್ತಿದ್ದೆ. ಆಗ ನನಗೆ ಒಂಬತ್ತು ವರ್ಷ ಇರಬಹುದು. ಮಾತಾಡಿದರೆ ಸೊಪ್ಪಿನ ಗುಣ ಹಾರಿಹೋಗುತ್ತದೆ ಎಂದು ನಂಬಿದ್ದೆ. ಬಾಯಿ ಮುಚ್ಚಿಕೊಂಡಿರುವುದು ಒಂದು ವಿದ್ಯೆ, ಅದು ನನಗೆ ಬೇರೆ ಮಕ್ಕಳಿಗಿಂತ ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆಯೂ ಇತ್ತು.

ಬಾತುಗಳು ಮನೆಗೆ ಬಂದದ್ದು ಚಿಕ್ಕಪ್ಪನ ದೆಸೆಯಿಂದ. ಅಪ್ಪ ಪೀಣ್ಯದ ಕಡೆ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ದಕ್ಕದೆ, ಹೊಲದ ಕೆಲಸವೂ ಒಗ್ಗದೆ ಊರಾಡಿಕೊಂಡಿದ್ದ. ರಾಜಾಜಿನಗರದಲ್ಲಿ ಒಂದು ಬೇಕರಿಯವರು ಕೇಕಿಗೆ ಬಾತಿನ ಮೊಟ್ಟೆಯೇ ಬೇಕೆನ್ನುತ್ತಾರೆ ಎಂದು ಅದು ಹೇಗೋ ತಿಳಿದುಕೊಂಡು, ತಮಿಳುನಾಡಿನ ಕಡೆಯಿಂದ ಬಾತು ಅಟ್ಟಿಕೊಂಡು ಬರುವವರ ಹತ್ತಿರ ಒಂದು ಹಿಂಡು ಮರಿ ಕೊಂಡು ತಂದ. ದನಗಳು ಎರಡಕ್ಕೆ ಇಳಿದಿದ್ದರಿಂದ ಕೊಟ್ಟಿಗೆಯ ಅರ್ಧ ಖಾಲಿ ಇತ್ತು. ಅಲ್ಲಿ ತಡಿಕೆ ಕಟ್ಟಿ, ಭತ್ತದ ಹುಲ್ಲು ಹಾಸಿ ಬಿಟ್ಟ. ಹಗಲು ಕೆರೆ, ಸಂಜೆ ಕೊಟ್ಟಿಗೆ. ನಮ್ಮ ಮನೆಗೆ ಬಾತಿನ ಮನೆ ಎಂದು ಹೆಸರು ಬಿತ್ತು. ಹಂಚಿನ ಮನೆ ಅದು. ಪಡಸಾಲೆ, ಅದರ ಹಿಂದೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ಬಾಣಂತನಗಳು ಆಗುತ್ತಿದ್ದುದೂ, ರಾಗಿ ಚೀಲ ಇಡುತ್ತಿದ್ದುದೂ ಆ ಕೋಣೆಯಲ್ಲೇ. ಕೊಟ್ಟಿಗೆಯ ಮೇಲೆ ಅಟ್ಟ. ಬಾತಿನ ಮೇವಿನ ಮೂಟೆಗಳು ಅಟ್ಟದಲ್ಲಿ.

ಮೇವು ಕಲಸುವುದು ಅಜ್ಜಿಯ ಪಾಲಿನ ಕೆಲಸವಾಯಿತು. ಯಾರೂ ಅವಳಿಗೆ ವಹಿಸಲಿಲ್ಲ. ಚಿಕ್ಕಪ್ಪ ಬರೀ ತೌಡು ನೀರು ಕಲಸಿ ಇಡುವುದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಬಕೆಟ್ಟು ಕಿತ್ತುಕೊಂಡಳು. ಸೊಪ್ಪನ್ನು ಒರಳಿಗೆ ಹಾಕಿ ರುಬ್ಬಿ, ಅದಕ್ಕೆ ನೆನೆಸಿದ ಕಡಲೆಕಾಯಿ ಹಿಂಡಿ, ತೌಡು, ರಾಗಿ ಗಂಜಿ ಸೇರಿಸಿ ಕೈಯಲ್ಲಿ ನಾದುವಳು. ಥಂಡಿ ಎಂದರೆ ನಾಲ್ಕು ಎಸಳು ಬೆಳ್ಳುಳ್ಳಿ, ಕಾಲು ಕುಂಟಿದರೆ ಅರಿಶಿನ, ಬೇಸಗೆಗೆ ನುಗ್ಗೆ ಸೊಪ್ಪು. ಹದಿನೈದು ದಿನಕ್ಕೊಮ್ಮೆ ಕುಡಿಯುವ ನೀರಿಗೆ ಬೇವಿನ ಎಲೆ. ಮೊಟ್ಟೆಯೊಳಗಿನ ಹಳದಿ ಬಂಡಾರ ಕೆಂಪಗೆ ಬರಬೇಕೆಂದರೆ ಹೊನಗೊನೆ. ಬೇಕರಿಯವನು ಒಡೆದು ನೋಡಿ, ಇಂಥ ಮೊಟ್ಟೆ ಎಲ್ಲೂ ಸಿಗುವುದಿಲ್ಲ ಎಂದನಂತೆ. ಅದನ್ನು ಚಿಕ್ಕಪ್ಪ ಊಟಕ್ಕೆ ಕೂತಾಗ ದಿನಾ ಹೇಳುವನು.

"ನಮ್ಮವ್ವ ಬಾತಿಗೆ ಮಾಡೋ ಉಪಚಾರ ನಂಗೆ ಮಾಡಿದ್ರೆ ನಾನೂ ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ದೆ ಕಣಣ್ಣ."

"ನಿಂಗೂ ಅದೇ ಸೊಪ್ಪು ಅರೆದು ಕುಡಿಸಿದ್ದೆ ಕಣ್ಲಾ," ಎಂದಳು ಅಜ್ಜಿ. "ಬಾತಿಗೆ ನಾಟಿತು. ನಿಂಗೆ ನಾಟ್ಲಿಲ್ಲ."

ಎಲ್ಲರೂ ನಕ್ಕೆವು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು.

ಚಿಕ್ಕಮ್ಮನ ಹೆಸರು ಸರೋಜ. ಅವಳು ರಾಜಾಜಿನಗರದಲ್ಲಿ, ಕರೆಂಟು ದೀಪದ ಕೆಳಗೆ, ಬೀದಿ ನಲ್ಲಿಯ ನೀರು ಕುಡಿದು ಬೆಳೆದವಳು. ಹತ್ತನೆಯ ತರಗತಿ ಮುಗಿಸಿದ್ದಳು. ಊರಿನ ಹೆಂಗಸರಿಗೆ ಅದೇ ಒಂದು ತಮಾಷೆ. ಸೀಮೆಎಣ್ಣೆ ದೀಪದ ಮಸಿಗೆ ಅವಳು ಮೂಗು ಮುಚ್ಚಿಕೊಂಡರೂ, ಮುದ್ದೆಯನ್ನು ಎರಡು ತುತ್ತು ಕಡಿಮೆ ನುಂಗಿದರೂ "ಪೇಟೆ ಸೊಸೆ" ಎನ್ನುವರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಮೊದಲ ಬಾರಿ ಬಸಿರು ನಿಂತಿತ್ತು. ಅದಕ್ಕೆ ಮುಂಚೆ ಎರಡು ಸಲ ಮೂರನೆಯ ತಿಂಗಳಿಗೇ ಹೋಗಿತ್ತು. ಈ ಸಲ ಐದು ತುಂಬಿದಾಗ ಅಜ್ಜಿ ಕೋಣೆಯಿಂದ ರಾಗಿ ಚೀಲಗಳನ್ನು ತೆಗೆಸಿ, ಸಗಣಿ ಬಳಿಸಿ, ಮಂಚ ಹಾಕಿಸಿದಳು. ಇನ್ನೂ ನಾಲ್ಕು ತಿಂಗಳಿರುವಾಗಲೇ ಕೋಣೆ ಸಿದ್ಧ ಮಾಡಬಾರದು ಎಂದು ಅಮ್ಮ ಮೆಲ್ಲಗೆ ಅಂದದ್ದು ನನಗೆ ನೆನಪಿದೆ. ಅಜ್ಜಿ ಕೇಳಿಸಿಕೊಂಡೂ ಮಂಚದ ಮೇಲೆ ಚಾಪೆ ಹಾಸಿದಳು.

ಬಸುರಿಯರಿಗೆ ಹುಳಿ ಬೇಕು, ಮಣ್ಣು ಬೇಕು, ಬೂದಿ ಬೇಕು ಅನ್ನಿಸುವುದು ಎಲ್ಲರಿಗೂ ಗೊತ್ತು. ಚಿಕ್ಕಮ್ಮನಿಗೆ ಹಿಂಡಿ ಬೇಕಾಯಿತು. ನಾನು ಬಾತುಗಳಿಗೆಂದು ಹಿಂಡಿ ಕುಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು, ಒಂದು ಚೂರು ಎತ್ತಿ ಮೂಸಿ, ಆ ಕಡೆ ಈ ಕಡೆ ನೋಡಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ನಾವು ಮಕ್ಕಳೂ ಹಿಂಡಿ ತಿನ್ನುತ್ತಿದ್ದೆವು, ಅದರಲ್ಲಿ ವಿಶೇಷವಿಲ್ಲ. ಆದರೆ ಸೊಸೆ ತಿನ್ನುವುದು ಬೇರೆ. ಬಸುರಿ ಹೆಂಗಸು ಬಾತಿನ ಮೇವಿಗೆ ಕೈ ಹಾಕಿದಳು ಎಂದರೆ ಗಂಡನ ಮನೆಯವರು ಹೊಟ್ಟೆಗೆ ಹಾಕುತ್ತಿಲ್ಲ ಎಂದೇ ಅರ್ಥ. ಅದು ಊರಿಗೂ ತಿಳಿಯುತ್ತದೆ, ತೌರಿಗೂ ತಲುಪುತ್ತದೆ.

"ಪುಟ್ಟಿ, ನೀನು ಅಟ್ಟ ಹತ್ತುತೀಯಲ್ಲ, ಬರೋವಾಗ ಒಂದು ಚೂರು ತಂದ್ಕೊಡೇ. ಯಾರಿಗೂ ಹೇಳ್ಬೇಡ."

"ಅಜ್ಜೀಗೂ ಹೇಳ್ಬಾರ್ದಾ?"

"ಅತ್ತೆ ಮುಂದೆ ಹೇಳಿದ್ರೆ ನಾನು ಮುಖ ಎತ್ಕೊಂಡು ಓಡಾಡೋ ಹಾಗಿರಲ್ಲ ಕಣೇ. ಪೇಟೆ ಸೊಸೆ ಬಾತಿನ ಪಾಲು ಕದ್ದು ತಿಂತಾಳೆ ಅಂತ ಕೆರೆ ಹತ್ರ ಹಾಡು ಕಟ್ತಾರೆ."

ನಾನು ಹೇಳಲಿಲ್ಲ. ದಿನಕ್ಕೆ ಒಂದು ಸಲ ಏಣಿ ಹತ್ತಿ, ಚಪ್ಪಟೆ ಬಿಲ್ಲೆಗಳಂತಿದ್ದ ಹಿಂಡಿಯ ಅಂಚನ್ನು ಕಲ್ಲಿನಿಂದ ಮುರಿದು, ಲಂಗದ ಮಡಿಕೆಯಲ್ಲಿ ಕಟ್ಟಿಕೊಂಡು ಇಳಿದು ಕೋಣೆಗೆ ಹೋಗುತ್ತಿದ್ದೆ. ಚಿಕ್ಕಮ್ಮ ಪ್ರತಿಯಾಗಿ ನನ್ನ ಜಡೆ ಹೆಣೆದುಕೊಡುವಳು, ರಾಜಾಜಿನಗರದ ಟೆಂಟಿನಲ್ಲಿ ನೋಡಿದ ಸಿನಿಮಾಗಳ ಕತೆ ಹೇಳುವಳು. ಮನೆಯಲ್ಲಿ ನನಗೂ ಅವಳಿಗೂ ಮಾತ್ರ ಸೇರಿದ ಒಂದು ಸಂಗತಿ ಇತ್ತು. ನನಗೆ ಅದು ಔಷಧಿ ಸೊಪ್ಪು ಕೀಳುವಷ್ಟೇ ದೊಡ್ಡ ಕೆಲಸವಾಗಿತ್ತು.

ಆ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಮಾಗಡಿ ರಸ್ತೆಯ ಗಾಣದಿಂದ ಚಿಕ್ಕಪ್ಪ ಹೊಸ ಹಿಂಡಿ ತಂದ. ಮೂಟೆಗಳ ಮೇಲೆ ನೀರಿನ ಕಲೆ ಇತ್ತು. ಗೋದಾಮು ಸೋರಿತ್ತಂತೆ, ಅಗ್ಗಕ್ಕೆ ಕೊಟ್ಟರಂತೆ. ಒಣಗಿದರೆ ಏನೂ ಆಗುವುದಿಲ್ಲ ಎಂದು ಎರಡು ದಿನ ಬಿಸಿಲಿಗೆ ಕಾದು, ಬಿಸಿಲು ಬಾರದೆ, ಹಾಗೇ ಅಟ್ಟಕ್ಕೆ ಏರಿಸಿದ. ನಮ್ಮ ಅಟ್ಟದ ಹಂಚೂ ಎರಡು ಕಡೆ ಒಡೆದಿತ್ತು. ನಾನು ಮೊದಲ ಚೂರನ್ನು ಬಾಯಿಗಿಟ್ಟು ಉಗುಳಿದೆ. ಹಳೆಯ ಹಿಂಡಿ ಸಿಹಿಯಾಗಿರುತ್ತಿತ್ತು, ಇದು ನಾಲಿಗೆಯ ಬುಡದಲ್ಲಿ ಕಹಿ ನಿಲ್ಲಿಸಿತು.

"ಚಿಕ್ಕಮ್ಮ, ಇದು ಚೆನ್ನಾಗಿಲ್ಲ."

"ನನ್ ಬಾಯಿಗೆ ಎಲ್ಲಾ ಕಹೀನೇ ಈಗ," ಎಂದು ಅವಳು ಬೆಲ್ಲದ ಚೂರಿನ ಜೊತೆ ಅಗಿದಳು.

ಬಾತುಗಳು ಇದನ್ನು ಮೊದಲು ಮುಟ್ಟಲಿಲ್ಲ. ಕೊಕ್ಕು ಅದ್ದಿ, ತಲೆ ಕೊಡವಿ ಹಿಂದೆ ಸರಿದವು. ಮಳೆಗೆ ಬಾಯಿ ಕೆಟ್ಟಿದೆ, ಹಸಿವು ಕಟ್ಟಿದೆ ಎಂದುಕೊಂಡ ಅಜ್ಜಿ ಅದಕ್ಕೆ ಶುಂಠಿ, ಮೆಣಸು, ಬೆಳ್ಳುಳ್ಳಿ ಜಜ್ಜಿ, ಸೊಪ್ಪಿನ ಪಾಲನ್ನು ಎರಡರಷ್ಟು ಮಾಡಿ ನಾದಿದಳು. ಸೊಪ್ಪಿನ ಕಹಿಯಲ್ಲಿ ಹಿಂಡಿಯ ಕಹಿ ಮುಳುಗಿಹೋಯಿತು. ಮೂರನೆಯ ದಿನ ಅವು ಒಂದರ ಮೇಲೊಂದು ಬಿದ್ದು ತಿಂದವು. ಹಿಂಡಿನಲ್ಲಿ ಎರಡು ಮಾತ್ರ, ಒಂದು ಹೆಣ್ಣು ಒಂದು ಗಂಡು, ಸಂಜೆ ಕೊಟ್ಟಿಗೆಗೆ ಬರದೆ ಕೆರೆಯ ಜೊಂಡಿನಲ್ಲೇ ಉಳಿಯುತ್ತಿದ್ದವು. ಬಸವನಹುಳು ತಿಂದುಕೊಂಡು ಇರುತ್ತಿದ್ದ ಅವನ್ನು ಚಿಕ್ಕಪ್ಪ ಓಡಿಹೋದ ಜೋಡಿ ಎಂದು ಕರೆಯುತ್ತಿದ್ದ.

ಕೆಲವು ದಿನಗಳಲ್ಲಿ ಒಂದು ಬಾತು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಅದರ ಕಾಲು ಮಾಸಿದ ನೇರಳೆ ಬಣ್ಣಕ್ಕೆ ತಿರುಗಿತ್ತು. ಸಾಯುವ ಮುಂಚೆ ಕತ್ತನ್ನು ಬೆನ್ನಿನ ಮೇಲಕ್ಕೆ ಬಾಗಿಸಿ, ಆಕಾಶ ನೋಡುವಂತೆ ಮಾಡಿ, ಕಾಲು ಒದೆಯಿತು. ಎರಡನೆಯದು ಮೂಲೆ ಹಿಡಿದಾಗ, ಸಾಯುವುದಕ್ಕೆ ಮುಂಚೆ ಕೊಯ್ದುಬಿಡೋಣ ಎಂದು ಚಿಕ್ಕಪ್ಪ ಕೊಯ್ದ. ಅಮ್ಮ ಹೊಟ್ಟೆ ಬಗೆದು, ಕೈ ತಡೆದು, ಅಜ್ಜಿಯನ್ನು ಕರೆದಳು. ಮೊರದ ಮೇಲೆ ಇಟ್ಟಿದ್ದ ಈಲಿ, ಅಂದರೆ ಲಿವರು, ಕೆಂಪಗಿರಲಿಲ್ಲ. ನೆನೆಸಿದ ಮೆಂತ್ಯದ ಬಣ್ಣ. ಅಜ್ಜಿ ಬೆರಳಿನಿಂದ ಒತ್ತಿದಳು. ಅದು ಬೆಣ್ಣೆಯಂತೆ ಒಳಕ್ಕೆ ಹೋಯಿತು.

"ಕಾಮಾಲೆ," ಎಂದಳು. "ಬಾತಿಗೆ ಕಾಮಾಲೆ ಬಂದೈತೆ. ಇದ್ನ ತಿನ್ಬ್ಯಾಡಿ, ಹೂತಾಕಿ."

ಕಾಮಾಲೆಗೆ ಔಷಧಿ ಅಜ್ಜಿಯ ಕೈಯಲ್ಲಿತ್ತು. ಸುತ್ತಲ ಊರುಗಳಿಂದ ಕಣ್ಣು ಹಳದಿಯಾದವರನ್ನು ನಮ್ಮ ಮನೆಗೆ ಕರೆತರುತ್ತಿದ್ದರು. ನೆಲನೆಲ್ಲಿಯನ್ನು ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ ಮೂರು ದಿನ ಕೊಡುವಳು. ಒಂದು ಕಾಸು ಮುಟ್ಟುತ್ತಿರಲಿಲ್ಲ, ಔಷಧಿಯ ಹೆಸರು ಹೇಳುತ್ತಿರಲಿಲ್ಲ. ಈಗ ಅದನ್ನೇ ಬಾತುಗಳಿಗೆ ಶುರುಮಾಡಿದಳು. ಬೆಳಿಗ್ಗೆ ನಾವು ಎರಡು ಕುಕ್ಕೆ ತುಂಬಿ ತರುತ್ತಿದ್ದೆವು. ಮೇವಿಗೆ ಬೆರೆಸಿದ್ದು ಸಾಲದೆಂದು, ಸೊರಗಿದ ಬಾತುಗಳನ್ನು ನಾನು ತೊಡೆಯ ನಡುವೆ ಹಿಡಿದು ಕೊಕ್ಕು ಅಗಲಿಸಬೇಕು, ಅವಳು ಗೋಲಿಯಷ್ಟು ಉಂಡೆ ಗಂಟಲಿಗೆ ತಳ್ಳಿ, ಕತ್ತನ್ನು ಮೇಲಿನಿಂದ ಕೆಳಕ್ಕೆ ನೀವಬೇಕು. ಬೆರಳಿಗೆ ಅದು ಇಳಿಯುವುದು ತಿಳಿಯುತ್ತಿತ್ತು. ವಾರದೊಳಗೆ ಬಾತುಗಳು ಎದ್ದವು. ರೆಕ್ಕೆ ಮಡಿಸಿದವು, ಕೆರೆಗೆ ಇಳಿದವು, ನಿಂತಿದ್ದ ಮೊಟ್ಟೆ ಮತ್ತೆ ಇಟ್ಟವು. ಊರಿನವರು ಬಂದು ನೋಡಿ ಹೋದರು. ಅಜ್ಜಿಯ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ನಿತ್ರಾಣ ಆಗವೆ. ಹಿಂಡಿ ಜಾಸ್ತಿ ಹಾಕಬೇಕು," ಎಂದಳು. "ಔಷಧಿ ರೋಗ ಕಳೀತದೆ. ಮೈಗೆ ಹಿಡಿಯೋದು ಹಿಂಡಿ."

ಹೀಗೆ ಒಂದು ಕೈ ವಿಷ ಉಣ್ಣಿಸುತ್ತ, ಇನ್ನೊಂದು ಕೈ ಅದನ್ನು ಇಳಿಸುತ್ತ ಎರಡು ತಿಂಗಳು ನಡೆಯಿತು. ಆ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಏನೋ ಸರಿಯಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಮೊಟ್ಟೆಯ ಸಿಪ್ಪೆ ಮುಟ್ಟಿದರೆ ಒಡೆಯುವಷ್ಟು ತೆಳುವಾಯಿತು. ನಾಲ್ಕು ದಿನಕ್ಕೊಂದು ಬಾತು ಕತ್ತು ಹಿಂದಕ್ಕೆ ಬಾಗಿಸುತ್ತಿತ್ತು. ನಮ್ಮ ನಾಯಿ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವುದನ್ನು ಬಿಟ್ಟು ಬೀದಿಯಲ್ಲಿ ಮಲಗತೊಡಗಿತು. ಒಂದು ಸತ್ತರೆ ಅಜ್ಜಿ ಸೊಪ್ಪು ಹೆಚ್ಚಿಸುವಳು, ಉಳಿದವು ಚೇತರಿಸಿಕೊಳ್ಳುವವು, ನಾವು ಉಸಿರು ಬಿಡುವೆವು. ನಾನು ಏಣಿ ಹತ್ತುವುದೂ ನಿಂತಿರಲಿಲ್ಲ.

ಚಿಕ್ಕಮ್ಮನಿಗೆ ಏಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಅವಳು ಅಂಗಳದ ಬೆಳಕಿನಲ್ಲಿ ತಲೆ ಒಣಗಿಸುತ್ತ ನನ್ನ ಕಡೆ ತಿರುಗಿದಳು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಅಜ್ಜಿ ಬಂದು ರೆಪ್ಪೆ ಅಗಲಿಸಿ ನೋಡಿ, ಉಗುರು ಒತ್ತಿ ನೋಡಿ, ಒಳಗೆ ಹೋಗಿ ಒರಳು ತೊಳೆದಳು. ಆಸ್ಪತ್ರೆಗೆ ತೋರಿಸೋಣ ಎಂದು ಅಪ್ಪ ಅಂದರು.

"ಎಷ್ಟು ಜನಕ್ಕೆ ವಾಸಿ ಮಾಡಿದೀನಿ. ನನ್ನ ಸೊಸೇಗೆ ಮಾಡಾಕಾಗಲ್ವಾ?" ಎಂದಳು ಅಜ್ಜಿ. "ಬಾತನ್ನೇ ಉಳಿಸಿಲ್ವಾ?"

ಔಷಧಿಯ ಜೊತೆಗೆ ಪಥ್ಯ. ಉಪ್ಪು ಇಲ್ಲ, ಹುಳಿ ಇಲ್ಲ, ಖಾರ ಇಲ್ಲ, ಎಣ್ಣೆಯ ಹನಿ ಇಲ್ಲ. ಮೂರು ಹೊತ್ತೂ ಅನ್ನ, ನೀರು ಮಜ್ಜಿಗೆ. ಬೇರೆಯವರಿಗೆ ಅದು ಒಂದು ವಾರ. ಚಿಕ್ಕಮ್ಮನಿಗೆ ಔಷಧಿ ಕೊಟ್ಟಾಗ ಕಣ್ಣು ತಿಳಿಯಾಗುವುದು, ಮತ್ತೆ ಹಳದಿಯಾಗುವುದು. ಪಥ್ಯ ಮೂರು ವಾರಕ್ಕೆ ಎಳೆಯಿತು. ಎರಡು ಜೀವದ ಹಸಿವಿಗೆ ಸಪ್ಪೆ ಅನ್ನ. ನಡುಮನೆಯಲ್ಲಿ ನಾವು ಸಾರು ಸುರಿದುಕೊಳ್ಳುವ ಸದ್ದು ಅವಳಿಗೆ ಕೋಣೆಯಲ್ಲಿ ಕೇಳಿಸುತ್ತಿತ್ತು. ಅವಳು ಒಂದು ಬಟ್ಟೆಯ ಚೀಲ ಹೊಲಿದು ನನ್ನ ಕೈಗೆ ಕೊಟ್ಟಳು. ದಿನಾ ಏಣಿ ಹತ್ತುವುದನ್ನು ಯಾರಾದರೂ ನೋಡಿಯಾರು, ಒಂದೇ ಸಲ ತುಂಬಿಕೊಂಡು ಬಾ ಎಂದಳು. ತುಂಬಿ ತಂದೆ. ಅದು ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇರುತ್ತಿತ್ತು.

ಒಂದು ಭಾನುವಾರ ಬೆಳಗಿನಿಂದ ಸಂಜೆಯೊಳಗೆ ಕೊಟ್ಟಿಗೆಯಲ್ಲಿ ಹತ್ತೊ ಹನ್ನೆರಡೊ ಬಾತು ಸತ್ತವು. ಎಲ್ಲದರ ಕತ್ತೂ ಹಿಂದಕ್ಕೆ. ಮಾರನೆಯ ದಿನ ಅಪ್ಪ ಅಜ್ಜಿಯ ಮಾತು ಕೇಳದೆ ದನದ ಡಾಕ್ಟರನ್ನು ಕರೆತಂದರು. ಕನ್ನಡಕ ಹಾಕಿದ್ದ, ಪ್ಯಾಂಟಿನ ಕಾಲು ಮಡಿಸಿಕೊಂಡಿದ್ದ ಚಿಕ್ಕ ವಯಸ್ಸಿನವರು. ಸತ್ತ ಬಾತನ್ನು ಅಂಗಳದಲ್ಲೇ ಕೊಯ್ದು ಈಲಿ ನೋಡಿದರು. ಏನೇನು ಮೇವು ಎಂದು ಕೇಳಿದರು. ಅಜ್ಜಿ ಔಷಧಿಯ ಹೆಸರು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಆವತ್ತು.

"ಕೆರೇಲೇ ಇರೋ ಬಾತು ಯಾವುದಾದ್ರೂ ಸತ್ತಿದ್ಯಾ?" ಎಂದರು ಡಾಕ್ಟರು.

"ಎರಡೇ ಇರೋದು ಸಾರ್ ಅಲ್ಲಿ," ಎಂದ ಚಿಕ್ಕಪ್ಪ. "ಅವಕ್ಕೇನೂ ಆಗಿಲ್ಲ. ಕೊಬ್ಬಿಕೊಂಡವೆ."

"ಹಿಂಡಿ ತೋರಿಸಿ."

ಚಿಕ್ಕಪ್ಪ ಮೂಟೆ ಇಳಿಸಿದ. ಡಾಕ್ಟರು ಒಂದು ಬಿಲ್ಲೆಯನ್ನು ಮಂಡಿಗೆ ಹೊಡೆದು ಮುರಿದರು. ಹೊರಗೆ ಕಂದು, ಒಳಗೆ ಹಸಿರು ಬೂದಿಯಂಥ ಪುಡಿ. ಅವರು ಅದನ್ನು ದೂರ ಹಿಡಿದು ಗೋಡೆಗೆ ಒರಗಿಸಿಟ್ಟು ಕೈ ತೊಳೆದುಕೊಂಡರು.

"ಬೂಷ್ಟು ಇದು. ನೇರ ಲಿವರ್‌ಗೆ ಹೋಗುತ್ತೆ. ಬಾತು ಇದನ್ನ ತಡ್ಕೊಳಲ್ಲ."

"ನಾನು ಕಾಮಾಲೆ ಅಂದ್ಕೊಂಡು ನೆಲನೆಲ್ಲಿ ಹಾಕಿದ್ನಲ್ಲಪ್ಪ. ವಾಸಿ ಆಗ್ತಾ ಇದ್ವು," ಎಂದಳು ಅಜ್ಜಿ.

"ನಿಮ್ಮ ಸೊಪ್ಪಿಂದು ತಪ್ಪಿಲ್ಲಮ್ಮ. ಒಳ್ಳೇ ಸೊಪ್ಪೇ ಅದು. ಅದು ಇಲ್ದೇ ಇದ್ದಿದ್ರೆ ಮೊದಲನೇ ವಾರಾನೇ ಎಲ್ಲ ಸತ್ತು, ನೀವು ಹಿಂಡಿ ಬಿಸಾಕಿರ್ತಿದ್ರಿ. ಇದು ಎರಡು ತಿಂಗಳು ತಡೆದು ನಿಲ್ಲಿಸ್ತು, ನೀವು ಎರಡು ತಿಂಗಳು ಹಾಕಿದ್ರಿ." ಅವರು ತಲೆ ಎತ್ತಿ ನಮ್ಮನ್ನೆಲ್ಲ ನೋಡಿದರು. "ಮಕ್ಕಳು ಯಾರೂ ತಿಂದಿಲ್ಲ ತಾನೆ?"

"ನಮ್ಮನೇಲಿ ಯಾರು ಸಾರ್ ಹಿಂಡಿ ತಿಂತಾರೆ," ಎಂದು ಚಿಕ್ಕಪ್ಪ ನಕ್ಕ. "ಮುದ್ದೆಗೇನು ಬರವಾ?"

ಚಿಕ್ಕಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ನನ್ನನ್ನೇ ನೋಡುತ್ತಿದ್ದಳು. ತಲೆಯನ್ನು ಒಂದೇ ಒಂದು ಸಲ, ಕಂಡೂ ಕಾಣದಂತೆ, ಆಡಿಸಿದಳು. ನಾನು ಬಾಯಿ ಬಿಡಲಿಲ್ಲ.

ಆ ಸಂಜೆ ಚಿಕ್ಕಪ್ಪ ಮೂಟೆಗಳನ್ನು ಗುಂಡಿ ತೆಗೆದು ಹೂತ. ಟ್ರಂಕಿನ ಚೀಲ ಹೂತಿಲ್ಲ ಎಂಬುದು ನನಗೆ ಮತ್ತು ಚಿಕ್ಕಮ್ಮನಿಗೆ ಮಾತ್ರ ಗೊತ್ತು. ಬಿಸಾಕು ಎಂದು ಅವಳಿಗೆ ಹೇಳಿದೆ. ಬಿಸಾಕ್ತೀನಿ ಎಂದಳು. ಹೊರಗೆ ಹೋಗಲು ಅವಳಿಗೆ ಶಕ್ತಿ ಇರಲಿಲ್ಲ. ನನ್ನ ಕೈಯಲ್ಲಿ ಕೊಟ್ಟು ಕಳಿಸಿದರೆ ಯಾರ ಕಣ್ಣಿಗೆ ಬೀಳುತ್ತೇನೋ ಎಂಬ ಭಯ. ಬಾತು ಬೇರೆ, ಮನುಷ್ಯರು ಬೇರೆ, ನಾನೇನು ಬಕೆಟ್ಟುಗಟ್ಟಲೆ ತಿಂದೆನಾ ಎಂದೂ ಅಂದಳು. ಎರಡು ದಿನ ಹಾಗೇ ಕಳೆಯಿತು. ಆ ಎರಡು ದಿನ ನಾನು ಶಾಲೆಗೆ ಹೋದೆ, ಮಗ್ಗಿ ಹೇಳಿದೆ, ಮನೆಗೆ ಬಂದು ಅವಳ ಕಾಲು ನೋಡಿದೆ. ಪಾದದ ಮೇಲೆ ಚರ್ಮ ಬಿಗಿದು ಹೊಳೆಯುತ್ತಿತ್ತು. ನಾನು ಬಣ್ಣ ಹುಡುಕುತ್ತಿದ್ದೆ, ಆ ನೇರಳೆ.

ಮೂರನೆಯ ಬೆಳಿಗ್ಗೆ ಅಜ್ಜಿ ಒರಳ ಮುಂದೆ ಕೂತು ಚಿಕ್ಕಮ್ಮನಿಗೆ ನೆಲನೆಲ್ಲಿ ಅರೆಯುತ್ತಿದ್ದಳು. ಸೊಪ್ಪಿನ ರಾಶಿ ಎಂದಿಗಿಂತ ದೊಡ್ಡದಿತ್ತು. ಚಿಕ್ಕಮ್ಮನಿಗೆ ಬೆಳಗಿನಿಂದ ಎರಡು ಸಲ ವಾಂತಿಯಾಗಿತ್ತು. ನಾನು ಪಕ್ಕದಲ್ಲಿ ಕೂತು ಹೇಳಿಬಿಟ್ಟೆ. ಏಣಿ, ಲಂಗ, ಬೆಲ್ಲ, ಟ್ರಂಕು, ಎಲ್ಲ. ಅಜ್ಜಿಯ ಕೈ ಗುಂಡುಕಲ್ಲಿನ ಮೇಲೆ ಹಾಗೇ ಇತ್ತು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಎದ್ದು ಕೋಣೆಗೆ ಹೋದಳು. ನಾನೂ ಹೋದೆ.

"ತಗೀ ಅದನ್ನ," ಎಂದಳು.

ಚಿಕ್ಕಮ್ಮ ಟ್ರಂಕು ತೆಗೆದು ಚೀಲ ಕೊಟ್ಟಳು. ಅರ್ಧ ಖಾಲಿಯಾಗಿತ್ತು.

"ಹಸಿವಾಗ್ತಿತ್ತು ಅತ್ತೆ," ಎಂದಳು. ಆಮೇಲೆ ಮೆಲ್ಲಗೆ, "ಅವರಿಗೆ ಹೇಳ್ಬೇಡಿ. ನಮ್ಮಪ್ಪಂಗೆ ಗೊತ್ತಾದ್ರೆ ನಾನು ಬದುಕಿರಲ್ಲ."

ಅಜ್ಜಿ ಮಂಚದ ಅಂಚಿನಲ್ಲಿ ಕೂತಳು. ಚೀಲದಿಂದ ಒಂದು ಚೂರು ತೆಗೆದು ನಾಲಿಗೆಗೆ ಇಟ್ಟುಕೊಂಡು, ಅದರ ಕಹಿ ಪೂರ್ತಿ ತಿಳಿಯುವವರೆಗೆ ಬಾಯಲ್ಲಿ ಇಟ್ಟುಕೊಂಡು, ಸೆರಗಿಗೆ ಉಗುಳಿದಳು.

"ದೊಡ್ಡಾಸ್ಪತ್ರೆಗೆ ಹೋಗಬೇಕು. ಏನು ತಿಂದೆ ಅಂತ ಡಾಕ್ಟ್ರಿಗೆ ಹೇಳಲೇಬೇಕು, ಹೇಳದಿದ್ರೆ ಅವ್ರೇನು ಮಾಡಾಕಾಗ್ತದೆ. ನಾನು ಹೇಳ್ತೀನಿ. ನೀವಿಬ್ರೂ ಬಾಯಿ ಹಾಕ್ಬ್ಯಾಡಿ."

ಅವಳು ಹೊರಗೆ ಬಂದು ಪಡಸಾಲೆಯಲ್ಲಿ ಇಬ್ಬರು ಗಂಡು ಮಕ್ಕಳನ್ನೂ ನಿಲ್ಲಿಸಿಕೊಂಡು ಹೇಳಿದಳು. ಬಸುರಿಗೆ ತ್ರಾಣ ಬರಲಿ ಎಂದು ಔಷಧಿಯ ಜೊತೆ ದಿನಾ ಹಿಂಡಿ ಕುಟ್ಟಿ ಕೊಟ್ಟೆ, ಬಾತಿಗೆ ಕೊಟ್ಟ ಹಾಗೇ ಕೊಟ್ಟೆ, ಬೂಷ್ಟು ಎಂದು ನನಗೆ ಗೊತ್ತಾಗಲಿಲ್ಲ. ಒಂದು ಸಲವೂ ತಡವರಿಸಲಿಲ್ಲ. ಎಲ್ಲರೂ ನಂಬಿದರು. ಮೈಗೆ ಹಿಡಿಯುವುದು ಹಿಂಡಿ ಎಂದು ಅವಳು ಅಂದದ್ದು ಎಲ್ಲರ ಕಿವಿಯಲ್ಲೂ ಇತ್ತು. ಚಿಕ್ಕಪ್ಪ ಗೂಟದಿಂದ ಅಂಗಿ ತೆಗೆದುಕೊಂಡ. ಆ ಒದ್ದೆ ಮೂಟೆ ತಂದವನು ತಾನು ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಿತೋ ಇಲ್ಲವೋ ನನಗೆ ತಿಳಿಯದು. ಹೊಳೆದಿದ್ದರೂ ಹೊರಲು ಸಿದ್ಧವಾಗಿದ್ದ ಹೆಗಲು ಒಂದು ಎದುರಿಗೇ ನಿಂತಿತ್ತು. ಅವನು ಬಾಡಿಗೆ ಕಾರು ತರಲು ಸೈಕಲ್ ಹತ್ತಿದ.

ಮಗು ಎರಡು ದಿನದ ನಂತರ ಆಸ್ಪತ್ರೆಯಲ್ಲಿ ಸತ್ತೇ ಹುಟ್ಟಿತು. ಹೆಣ್ಣು. ಚಿಕ್ಕಮ್ಮ ಉಳಿದಳು. ಒಂದೂವರೆ ತಿಂಗಳು ಮಲಗಿ ಬಂದಳು. ಏನು ತಿಂದಿದ್ದಾಳೆಂದು ಹೇಳಿದ್ದು ಒಳ್ಳೆಯದಾಯಿತು ಎಂದು ಅಲ್ಲಿನ ಡಾಕ್ಟರು ಅಂದರಂತೆ. ಆ ಎರಡು ದಿನ ಮುಂಚೆ ಹೇಳಿದ್ದರೆ ಏನಾಗುತ್ತಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ. ಮಗು ಹೋದದ್ದು ಹಿಂಡಿಯಿಂದಲೋ, ಬೇರೆ ಕಾಮಾಲೆಯಿಂದಲೋ ಖಚಿತವಾಗಿ ಹೇಳಲಾಗದು ಎಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಪರಿಚಿತ ಡಾಕ್ಟರು ನನಗೆ ಹೇಳಿದರು. ಸಮಾಧಾನಕ್ಕೆ ಹೇಳಿದರೋ, ನಿಜಕ್ಕೆ ಹೇಳಿದರೋ. ಚಿಕ್ಕಮ್ಮ ಹೋದ ವರ್ಷ ತೀರಿಕೊಂಡಳು. ಅವಳಿಗೆ ಮುಂದೆ ಇಬ್ಬರು ಗಂಡು ಮಕ್ಕಳಾದರು. ಇದನ್ನು ಈಗ ಬರೆಯಬಹುದು ಅನ್ನಿಸಿದ್ದು ಅವಳ ಹನ್ನೊಂದನೆಯ ದಿನದ ಊಟಕ್ಕೆ ಕೂತಾಗ.

ಉಳಿದ ಬಾತುಗಳನ್ನು ಚಿಕ್ಕಪ್ಪ ಮಾರಿದ. ಅವನು ತಾಯಿಯ ಕೈಯಿಂದ ನೀರು ಕೂಡ ಇಸಿದುಕೊಳ್ಳುವುದನ್ನು ಬಿಟ್ಟ. ಚಿಕ್ಕಮ್ಮ ಬಡಿಸಿದರೆ ಮಾತ್ರ ಉಣ್ಣುವನು. ಅಜ್ಜಿ ಎದುರಿಗೆ ಬಂದರೆ ಗೋಡೆ ನೋಡುವನು. ಅಜ್ಜಿ ಇದನ್ನು ತನಗೆ ಬರಬೇಕಾದ್ದೇ ಬಂದಂತೆ ನಡೆದುಕೊಂಡಳು. ಒಂದು ದಿನ, ಅಮ್ಮ ಇಲ್ಲದ ಹೊತ್ತಿನಲ್ಲಿ, ನೀನ್ಯಾಕಜ್ಜಿ ಹಾಗೆ ಹೇಳಿದೆ ಎಂದು ಕೇಳಿದೆ.

"ಸುಳ್ಳೇನೈತೆ ಅದ್ರಲ್ಲಿ," ಎಂದಳು. "ಉಪ್ಪು ಬಿಡಿಸಿ ಹಸಿವಲ್ಲಿ ಕೂರಿಸಿದವಳು ನಾನೇ ಅಲ್ವಾ."

ಅದಾಗಿ ಸುಗ್ಗಿ ಮುಗಿದ ಮೇಲೆ, ಒಂದು ಮಧ್ಯಾಹ್ನ, ಲಗ್ಗೆರೆ ಕಡೆಯಿಂದ ಒಬ್ಬ ಹೆಂಗಸು ಬಂದಳು. ಬಿಸಿಲಿನಲ್ಲಿ ನಡೆದು ಬಂದಿದ್ದಳು, ಕಾಲೆಲ್ಲ ಕೆಂಪು ಧೂಳು. ಸೊಂಟದ ಮೇಲೆ ಮೂರು ವರ್ಷದ ಮಗು. ಅದು ಅಮ್ಮನ ಹೆಗಲಿಗೆ ತಲೆ ಒರಗಿಸಿ, ಅಳುವ ಶಕ್ತಿಯೂ ಇಲ್ಲದೆ ಕಣ್ಣು ತೆರೆದುಕೊಂಡಿತ್ತು. ಆ ಕಣ್ಣಿನ ಬಣ್ಣ ನನಗೆ ದೂರದಿಂದಲೇ ಗೊತ್ತಾಯಿತು. ಚಿಕ್ಕಪ್ಪ ಜಗುಲಿಯ ಮೇಲೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಚಿಕ್ಕಮ್ಮ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅಜ್ಜಿ ಒಳಗೆ ಮುದ್ದೆ ತಿರುವುತ್ತಿದ್ದಳು, ಅಡುಗೆಮನೆಯ ಬಾಗಿಲು ತೆರೆದೇ ಇತ್ತು.

"ಕಾಮಾಲೆಗೆ ಔಷಧಿ ಕೊಡೋ ಮನೆ ಇದೇ ಅಲ್ವಾ ಅಣ್ಣ?" ಎಂದಳು ಹೆಂಗಸು.

"ಇಲ್ಲಿ ಔಷಧಿ ಗಿವುಷಧಿ ಕೊಡಲ್ಲ," ಎಂದ ಚಿಕ್ಕಪ್ಪ, ಚೈನಿನಿಂದ ಕಣ್ಣು ಎತ್ತದೆ. "ಈ ಮನೆ ಔಷಧೀಲಿ ಒಂದು ಮಗು ಹೋಗಿದ್ದು ಸಾಕು. ನಿಂದನ್ನ ಆಸ್ಪತ್ರೆಗೆ ಎತ್ಕೊಂಡು ಹೋಗು ತಾಯಿ."

ಹೆಂಗಸು ಹೋಗಲಿಲ್ಲ. ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಬೂದಿ ಹತ್ತಿದ ಕೈಯಲ್ಲಿ ತಪ್ಪಲೆ ಹಿಡಿದು ನನ್ನ ಕಡೆ ನೋಡಿ, ತಪ್ಪಲೆಯನ್ನು ಬೋರಲು ಹಾಕಿ, ಎದ್ದು ಹಿತ್ತಲಿಗೆ ಹೋದಳು. ಉಳಿದವಳು ನಾನು. ಹೆಂಗಸು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನನ್ನ ಹತ್ತಿರ ಬಂದು ಬಗ್ಗಿದಳು.

"ನಿಮ್ಮಜ್ಜಿ ಇಲ್ವೇನವ್ವ?"

"ಇಲ್ಲ," ಎಂದೆ.

ಒಳಗೆ ಮುದ್ದೆಯ ಕೋಲಿನ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.